ಗಾಳಿ ನುಗ್ಗಿದ್ದು ಎಲ್ಲಿಂದ?

ಅಂಟು, ಸೀಲಂಟ್, ರೆಸಿನ್ ಸುರಿಯುವ ಡಿಸ್ಪೆನ್ಸಿಂಗ್ ಯಂತ್ರಗಳ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಗುಳ್ಳೆಯ ದೂರು. ಗುಳ್ಳೆ ಎಲ್ಲಿ ಕಂಡಿತು ಎಂದು ಎಲ್ಲರೂ ಬರೆದಿದ್ದೀರಿ. ಯಾವಾಗ ಕಂಡಿತು ಎಂದು ಬರೆದವರು ಕೆಲವರೇ. ನನಗೆ ಮುಖ್ಯವಾಗಿ ಬೇಕಾದದ್ದು ಎರಡನೆಯದು. ಡ್ರಮ್ ಬದಲಿಸಿದ ಮೇಲೋ, ಸೀಲ್ ಹಾಕಿದ ಮೇಲೋ, ಭಾನುವಾರದ ರಜೆ ಮುಗಿದ ಮೇಲೋ, ಸುರಿದು ಅರ್ಧ ಗಂಟೆ ಕಳೆದ ಮೇಲೋ? ಅಷ್ಟು ಗೊತ್ತಾದರೆ ಗಾಳಿ ಯಾವ ದಾರಿಯಿಂದ ಒಳಬಂತು ಎಂದು ಹೆಚ್ಚುಕಡಿಮೆ ಹೇಳಿಬಿಡಬಹುದು. ಗುಳ್ಳೆ ಕಾಣುವುದು ನಾಝಲ್‌ನಲ್ಲಾದರೂ ಹುಟ್ಟುವುದು ಅಲ್ಲಿ ಅಪರೂಪ.

ಪ್ರಶ್ನೆ: ಸರ್, ನಮ್ಮಲ್ಲಿ ಗೇರ್‌ಬಾಕ್ಸ್ ಕವರ್‌ಗೆ ಸೀಲಂಟ್ ಬೀಡ್ ಹಾಕುವ ಲೈನ್ ಇದೆ. 200 ಲೀಟರ್ ಡ್ರಮ್, ಮೇಲಿಂದ ಪ್ಲೇಟ್ ಒತ್ತುವ ರ‍್ಯಾಮ್ ಪಂಪ್. ಡ್ರಮ್ ಬದಲಿಸಿದಾಗಲೆಲ್ಲ ಮುಂದಿನ ಅರ್ಧ ಮುಕ್ಕಾಲು ಗಂಟೆ ನಾಝಲ್ 'ಟಪ್' ಅಂತ ಸಿಡಿಯುತ್ತೆ, ಬೀಡ್ ನಡುನಡುವೆ ತುಂಡಾಗುತ್ತೆ. ಮಾಲು ಕೊಡೋರು ಪಂಪ್ ಸರಿಯಿಲ್ಲ ಅಂತಾರೆ, ಪಂಪಿನವರು ಮಾಲು ಸರಿಯಿಲ್ಲ ಅಂತಾರೆ. ನಡುವೆ ಬೈಸಿಕೊಳ್ಳೋರು ನಾವು.
— ಮೇಂಟೆನೆನ್ಸ್ ಫಿಟ್ಟರ್, ಪೀಣ್ಯ, ಬೆಂಗಳೂರು

ಉತ್ತರ: ಇಬ್ಬರ ಮಾತನ್ನೂ ಸದ್ಯಕ್ಕೆ ಬದಿಗಿಡಿ. ಡ್ರಮ್ ಅರ್ಧ ಖಾಲಿಯಾಗಿರುವಾಗ ಬೀಡ್ ಚೆನ್ನಾಗಿ ಬರುತ್ತದೆ, ಹೊಸ ಡ್ರಮ್ ಕೂರಿಸಿದ ಕೂಡಲೇ ಕೆಡುತ್ತದೆ ಎಂದರೆ ತಪ್ಪು ಮಾಲಿನದೂ ಅಲ್ಲ, ಪಂಪಿನದೂ ಅಲ್ಲ. ಬದಲಿಸುವ ಆ ಸ್ವಲ್ಪ ಹೊತ್ತಿನದು.

ಹೊಸ ಡ್ರಮ್‌ನ ಮುಚ್ಚಳ ತೆಗೆದು ಮೊದಲು ಒಳಗೆ ನೋಡಿ. ಸೀಲಂಟ್ ನೀರಲ್ಲ, ತಾನಾಗಿ ಮಟ್ಟವಾಗುವುದಿಲ್ಲ. ಲಾರಿಯಲ್ಲಿ ಬರುವಾಗ ಒಂದು ಬದಿಗೆ ವಾಲಿರುತ್ತದೆ, ಇಲ್ಲವೇ ಸ್ಯಾಂಪಲ್ ತೆಗೆದವರು ನಡುವೆ ಗುಂಡಿ ಬಿಟ್ಟಿರುತ್ತಾರೆ. ಫಾಲೋವರ್ ಪ್ಲೇಟಿನ ಅಡಿ ಚಪ್ಪಟೆ. ಗುಂಡಿಯ ಮೇಲೆ ಅದು ಕುಳಿತರೆ ಗುಂಡಿಯಷ್ಟೂ ಗಾಳಿ ಒಳಗೇ ಬಂದಿ. ಅಗಲದ ಪಟ್ಟಿಯಿಂದ ಮೇಲ್ಮೈ ಸಮ ಮಾಡಲು ಎರಡು ನಿಮಿಷ ಸಾಕು. ಒಳಗೆ ಪ್ಲಾಸ್ಟಿಕ್ ಚೀಲವಿದ್ದರೆ ಅದರ ಮಡಿಕೆಗಳನ್ನು ಗೋಡೆಗೆ ಒತ್ತಿ ಸರಿಪಡಿಸಿ. ಡ್ರಮ್‌ನ ಸುತ್ತ ಅಂಗೈ ಆಡಿಸಿ. ಎಲ್ಲಾದರೂ ತಗ್ಗಿದ್ದರೆ ಪ್ಲೇಟಿನ ರಬ್ಬರ್ ಸೀಲ್ ಆ ಜಾಗ ದಾಟುವಾಗ ಗೋಡೆ ಬಿಟ್ಟು ಗಾಳಿ ಎಳೆಯುತ್ತದೆ. ಅಂಥ ಡ್ರಮ್ ವಾಪಸ್ ಕಳಿಸುವುದೇ ಮೇಲು. ಸೀಲಿಗೆ ಹಚ್ಚುವ ಗ್ರೀಸು ಮಾಲು ಕೊಡುವವರು ಒಪ್ಪಿದ್ದಾಗಿರಲಿ, ಕೈಗೆ ಸಿಕ್ಕಿದ್ದು ಬೇಡ.

ಇನ್ನು ಪ್ಲೇಟ್ ಇಳಿಸುವುದು. ಬ್ಲೀಡ್ ರಂಧ್ರದ ಕಡ್ಡಿ ತೆಗೆದಿಟ್ಟು, ರ‍್ಯಾಮ್‌ನ ಒತ್ತಡ ತಗ್ಗಿಸಿ, ನಿಧಾನವಾಗಿ ಇಳಿಸಿ. ಮೊದಲು ಬರೀ ಗಾಳಿ 'ಸುಯ್' ಎನ್ನುತ್ತದೆ. ಆಮೇಲೆ ಮಾಲು ಉಗುಳುಗುಳಾಗಿ ಬರುತ್ತದೆ. ಮುಕ್ಕಾಲು ಜನ ಅಲ್ಲಿಗೇ ಕಡ್ಡಿ ಹಾಕಿಬಿಡುತ್ತಾರೆ. ನಿಮ್ಮ ಅರ್ಧ ಗಂಟೆಯ ಗೋಳು ಶುರುವಾಗುವುದು ಅಲ್ಲೇ. ಉಗುಳುವುದು ನಿಂತು, ಒಂದಿಷ್ಟೂ ಕಡಿಯದೆ ಒಂದೇ ಸಮ ಮಾಲು ಹೊರಬಂದ ಮೇಲೆ ಮುಚ್ಚಿ. ಆಮೇಲೆ ಪಂಪಿನ ಬ್ಲೀಡ್, ಆಮೇಲೆ ಹೋಸ್, ಕೊನೆಗೆ ನಾಝಲ್ ಬಿಚ್ಚಿಟ್ಟ ವಾಲ್ವ್. ಈ ಸಾಲು ತಪ್ಪಬಾರದು. ವಾಲ್ವ್ ಪರ್ಜ್ ಮಾಡಿ ಆಮೇಲೆ ಪಂಪ್ ಬ್ಲೀಡ್ ಮಾಡಿದರೆ ಪಂಪಿನಲ್ಲಿ ಉಳಿದ ಗಾಳಿ ಮತ್ತೆ ಹೋಸ್ ಸೇರಿರುತ್ತದೆ. ಪ್ರೈಮ್ ಮಾಡುವಾಗ ಪಂಪನ್ನು ಜೋರಾಗಿ ಬಿಡಬೇಡಿ. ಗಟ್ಟಿ ಮಾಲಿಗೆ ಪಂಪಿನ ವೇಗಕ್ಕೆ ಸರಿಯಾಗಿ ಹರಿದುಬರಲು ಆಗುವುದಿಲ್ಲ, ಒಳಗೆ ಖಾಲಿ ಜಾಗ ಬೀಳುತ್ತದೆ.

ಇಷ್ಟೆಲ್ಲ ಮಾಡಿಯೂ ದಿನವಿಡೀ ಅಲ್ಲೊಂದು ಇಲ್ಲೊಂದು ಗುಳ್ಳೆ ಬಂದರೆ ಪ್ಲೇಟಿನ ಮೇಲಿರುವ ಬ್ಲೋ-ಆಫ್ ವಾಲ್ವ್ ಮೇಲೆ ಕಣ್ಣಿಡಿ. ಖಾಲಿ ಡ್ರಮ್‌ನಿಂದ ಪ್ಲೇಟ್ ಮೇಲೆತ್ತುವಾಗ ಅಡಿಗೆ ಗಾಳಿ ಬಿಡಲು ಇಟ್ಟಿರುವ ಪುಟ್ಟ ವಾಲ್ವ್ ಅದು. ಅದರೊಳಗೆ ಸೀಲಂಟ್ ಒಣಗಿ ಕಚ್ಚಿಕೊಂಡರೆ ಪೂರ್ತಿ ಮುಚ್ಚುವುದಿಲ್ಲ. ಕಂಪ್ರೆಸರ್ ಗಾಳಿ ಹೊಸ ಡ್ರಮ್‌ಗೆ ಸದ್ದಿಲ್ಲದೆ ಸೋರುತ್ತಲೇ ಇರುತ್ತದೆ. ಪರೀಕ್ಷೆ ಸುಲಭ: ಡ್ರಮ್ ಕೂರಿಸಿದ ಮೇಲೆ ಆ ಗಾಳಿಯ ಪೈಪನ್ನು ಕಳಚಿಟ್ಟು ಒಂದು ಶಿಫ್ಟ್ ಓಡಿಸಿ. ಗುಳ್ಳೆ ನಿಂತರೆ ಕಳ್ಳ ಸಿಕ್ಕಿದ. ಮೇಲೆತ್ತುವಾಗಲೂ ಬ್ಲೋ-ಆಫ್ ಒತ್ತಡ ಕನಿಷ್ಠವಾಗಿರಲಿ. ಆತುರಕ್ಕೆ ಜಾಸ್ತಿ ಗಾಳಿ ಬಿಟ್ಟರೆ ಡ್ರಮ್ ಉಬ್ಬುತ್ತದೆ, ಸಿಡಿಯಲೂಬಹುದು. ಹಳೆ ಡ್ರಮ್‌ನ ತಳ ಕೆರೆಯುವವರೆಗೆ ಓಡಿಸುವುದೂ ಬೇಡ. ತಳಕ್ಕೆ ಪ್ಲೇಟ್ ತಾಗಿ ನಿಂತ ಮೇಲೆ ಪಂಪ್ ಎಳೆಯುವುದು ಗಾಳಿಯನ್ನೇ.

ಪ್ರಶ್ನೆ: ನಮಸ್ಕಾರ ಸರ. ಎರಡು ಭಾಗದ ಎಪಾಕ್ಸಿ, ಮುಂದ ಪ್ಲಾಸ್ಟಿಕ್ ಸ್ಟ್ಯಾಟಿಕ್ ಮಿಕ್ಸರ್. ವಾಲ್ವ್ ಮುಚ್ಚಿದ ಮ್ಯಾಲೂ ತುದಿಯಿಂದ ಎಪಾಕ್ಸಿ ಇಳೀತಾನ ಇರತೈತಿ. ಎರಡು ಸಲ ಸೀಲ್ ಕಿಟ್ ಹಾಕೀವಿ. ಹೊಸಾ ವಾಲ್ವ್ ತರಸಬೇಕೇನ್ರಿ?
— ಗೋಕುಲ ರಸ್ತೆ ಕೈಗಾರಿಕಾ ಪ್ರದೇಶ, ಹುಬ್ಬಳ್ಳಿ

ಉತ್ತರ: ತರಿಸಬೇಡ್ರಿ. ಮೊದಲು ಕೈಗಡಿಯಾರ ನೋಡಿ. ವಾಲ್ವ್ ಮುಚ್ಚಿದ ಮೇಲೆ ತೊಟ್ಟಿಕ್ಕುವುದು ಬರಬರುತ್ತ ಕಡಿಮೆಯಾಗಿ ಕೆಲವೇ ಸೆಕೆಂಡಿಗೆ ನಿಂತರೆ ಅದು ಗಾಳಿಯ ಕೆಲಸ. ಎಷ್ಟು ಹೊತ್ತಾದರೂ ಒಂದೇ ಲಯದಲ್ಲಿ ಬೀಳುತ್ತಿದ್ದರೆ ಮಾತ್ರ ವಾಲ್ವ್ ಸೀಟಿನ ದೋಷ. ಅನುಮಾನವಿದ್ದರೆ ಮಿಕ್ಸರ್ ಬಿಚ್ಚಿ, ವಾಲ್ವ್ ಬಾಯಿ ಒರೆಸಿ, ಒತ್ತಡ ಹಾಗೇ ಇಟ್ಟು ಕಾಯಿರಿ. ಬಾಯಿ ಒಣಗಿಯೇ ಇದ್ದರೆ ನಿಮ್ಮ ಎರಡೂ ಸೀಲ್ ಕಿಟ್ ದಂಡ.

ಆಗುವುದಿಷ್ಟು. ವಾಲ್ವ್ ಸೀಟಿನಿಂದ ಮಿಕ್ಸರ್ ತುದಿಯವರೆಗಿನ ಜಾಗದಲ್ಲಿ ಗಾಳಿ ಸಿಕ್ಕಿಕೊಂಡಿದೆ. ಸುರಿಯುವಾಗ ಒತ್ತಡಕ್ಕೆ ಕುಗ್ಗುತ್ತದೆ. ಗೇಜಿನ 5 ಬಾರ್ ಒತ್ತಡದಲ್ಲಿ ಗಾಳಿಯ ಗಾತ್ರ ಸುಮಾರು ಆರನೇ ಒಂದು ಪಾಲಿಗೆ ಇಳಿಯುತ್ತದೆ. ವಾಲ್ವ್ ಮುಚ್ಚಿ ಒತ್ತಡ ಬಿಟ್ಟೊಡನೆ ಮತ್ತೆ ಹಿಗ್ಗಿ ಮುಂದಿರುವ ಎಪಾಕ್ಸಿಯನ್ನು ಹೊರಗೆ ದೂಡುತ್ತದೆ. ಮುಂದಿನ ಶಾಟ್‌ನ ಮೊದಲ ಭಾಗ ಆ ಗಾಳಿಯನ್ನು ಪುನಃ ಕುಗ್ಗಿಸುವುದಕ್ಕೇ ಹೋಗುತ್ತದೆ. ಹಾಗಾಗಿ ಕೊನೆಯಲ್ಲಿ ಹನಿ ಹೆಚ್ಚು, ಆರಂಭದಲ್ಲಿ ಮಾಲು ಕಡಿಮೆ. ತೂಕದ ಯಂತ್ರದಲ್ಲಿ ಸಾಲಾಗಿ ಹತ್ತಾರು ಶಾಟ್ ತೂಗಿ ನೋಡಿ, ಏರುಪೇರು ಗೊತ್ತಾಗುತ್ತದೆ.

ಹೊಸ ಮಿಕ್ಸರ್ ಹಾಕುವ ಮುನ್ನ ವಾಲ್ವ್ ಬಾಯಿಯಲ್ಲಿ ರೆಸಿನ್, ಹಾರ್ಡ್‌ನರ್ ಎರಡೂ ಗುಳ್ಳೆಯಿಲ್ಲದೆ ಸರಿಯಾದ ಅಳತೆಯಲ್ಲಿ ಬರುತ್ತಿವೆಯೇ ನೋಡಿ. ಮಿಕ್ಸರ್ ಹಾಕಿದ ಮೇಲೆ ವಾಲ್ವನ್ನು ಬ್ರ್ಯಾಕೆಟ್‌ನಿಂದ ಬಿಚ್ಚಲು ಬರುವುದಾದರೆ ಮೊದಲ ಸಲ ತುದಿ ಮೇಲೆ ಮಾಡಿ ನಿಧಾನವಾಗಿ ತುಂಬಿಸಿ. ಮಾಲು ಕೆಳಗಿನಿಂದ ಏರುತ್ತ ಗಾಳಿಯನ್ನು ಮುಂದೆ ದೂಡಿಕೊಂಡು ಹೋಗುತ್ತದೆ. ತುದಿ ಕೆಳಗಿದ್ದರೆ ಮಾಲು ಒಂದು ಬದಿಯಿಂದ ಜಾರಿ, ಮಿಕ್ಸರ್‌ನ ತಿರುವುಗಳ ಹಿಂದೆಲ್ಲ ಗಾಳಿ ಉಳಿಯುತ್ತದೆ. ಉದ್ದನೆಯ ಸಣ್ಣ ಸೂಜಿ ಬಳಸುತ್ತಿದ್ದರೆ ಅದನ್ನು ತೆಗೆದು ಮೊನಚಾಗಿ ಇಳಿಯುವ ಕಿರು ನಾಝಲ್ ಹಾಕಿ. ಹಿಂದೊತ್ತಡ ಕಡಿಮೆಯಾದಷ್ಟೂ ಗಾಳಿ ಕುಗ್ಗುವುದೂ ಹಿಗ್ಗುವುದೂ ಕಡಿಮೆ.

ಪ್ರಶ್ನೆ: ಎಲ್‌ಇಡಿ ಡ್ರೈವರ್‌ಗೆ ಪಾಟಿಂಗ್ ಮಾಡುತ್ತೇವೆ. ರೆಸಿನ್ ದಪ್ಪ. ವ್ಯಾಕ್ಯೂಮ್ ಚೇಂಬರ್‌ನಲ್ಲಿ 735 ಮಿ.ಮೀ. ತೋರಿಸುವವರೆಗೆ ಗಾಳಿ ಎಳೆಯಿರಿ ಎಂದು ಕೈಪಿಡಿಯಲ್ಲಿದೆ. ನಮ್ಮ ಗೇಜ್ 650 ದಾಟುವುದೇ ಇಲ್ಲ. ಪಂಪ್ ಎಣ್ಣೆ ಬದಲಿಸಿದೆವು, ಮುಚ್ಚಳದ ರಬ್ಬರ್ ಬದಲಿಸಿದೆವು. ಮೆಕ್ಯಾನಿಕ್ ಹೊಸ ಪಂಪ್ ತೆಗೆದುಕೊಳ್ಳಿ ಅಂತಿದ್ದಾನೆ. ರೆಸಿನ್ ಹಾಗೇ ಬಿಟ್ಟರೆ ಗುಳ್ಳೆ ತಾನಾಗಿ ಮೇಲೆ ಬರುವುದಿಲ್ಲವೇ?
— ಪ್ರೊಡಕ್ಷನ್ ಮ್ಯಾನೇಜರ್, ಬೊಮ್ಮಸಂದ್ರ

ಉತ್ತರ: ನಿಮ್ಮ ಪಂಪ್ ಚೆನ್ನಾಗಿಯೇ ಇದೆ. ನಿಮ್ಮ ಊರು ಎತ್ತರದಲ್ಲಿದೆ, ಅಷ್ಟೇ.

ಗೋಡೆಗೆ ಹಾಕುವ ಸಾಮಾನ್ಯ ವ್ಯಾಕ್ಯೂಮ್ ಗೇಜ್ ತೋರಿಸುವುದು ಒಳಗೆ ಉಳಿದ ಗಾಳಿಯನ್ನಲ್ಲ. ಹೊರಗಿಗಿಂತ ಒಳಗೆ ಎಷ್ಟು ಕಡಿಮೆಯಿದೆ ಎಂಬುದನ್ನು. ಸಮುದ್ರಮಟ್ಟದಲ್ಲಿ ಹೊರಗಿನ ಒತ್ತಡ 760 ಮಿ.ಮೀ. ಪಾದರಸ. ಬೆಂಗಳೂರು 900 ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಿ ಅದು 680ರ ಆಸುಪಾಸು. ಚೇಂಬರಿನಲ್ಲಿ ಗಾಳಿಯ ಒಂದು ಕಣವೂ ಉಳಿಯದಂತೆ ಎಳೆದರೂ ಇಲ್ಲಿ ಮುಳ್ಳು 680ರ ಆಚೆ ಹೋಗದು. ಕೈಪಿಡಿಯ 735 ಎಂದರೆ ಒಳಗೆ 25 ಮಿ.ಮೀ. ಉಳಿಯಬೇಕೆಂದು ಅರ್ಥ. ಬೆಂಗಳೂರಿನಲ್ಲಿ ಅದಕ್ಕೆ ಗೇಜ್ 655 ತೋರಿಸಿದರೆ ಸಾಕು, ನೀವು 650ರಲ್ಲಿದ್ದೀರಿ. ಹೊಸ ಪಂಪಿನ ದುಡ್ಡಿನಲ್ಲಿ ಒಂದು ಅಬ್ಸಲ್ಯೂಟ್ ಗೇಜ್ ತಂದು ಉಳಿದದ್ದನ್ನು ಜೇಬಿನಲ್ಲಿಡಿ. ಮಂಗಳೂರಿಗೆ ಬರೆದ ಅಂಕಿಯನ್ನು ಬೆಂಗಳೂರಿನಲ್ಲಿ ಹುಡುಕುತ್ತ ಎಷ್ಟು ಪಂಪುಗಳು ಗುಜರಿ ಸೇರಿವೆಯೋ!

ಹಾಗೇ ಬಿಟ್ಟರೆ ಸಾಲದೇ ಎಂದು ಕೇಳಿದ್ದೀರಿ. ತೆಳು ದ್ರವಕ್ಕೆ ಸಾಕು, ನಿಮ್ಮ ರೆಸಿನ್‌ಗೆ ಸಾಲದು. 50,000 ಸೆಂಟಿಪಾಯ್ಸ್ ದಪ್ಪದ ರೆಸಿನ್‌ನಲ್ಲಿ 1 ಮಿ.ಮೀ. ಗುಳ್ಳೆ 10 ಸೆಂ.ಮೀ. ಮೇಲೇರಲು ಲೆಕ್ಕದ ಪ್ರಕಾರ ಸುಮಾರು ಎರಡು ಗಂಟೆ ಬೇಕು. ಗುಳ್ಳೆಯ ವ್ಯಾಸ ಹತ್ತನೇ ಒಂದಾದರೆ ವೇಗ ನೂರನೇ ಒಂದಾಗುತ್ತದೆ. ಹಾಗಾಗಿ 0.1 ಮಿ.ಮೀ. ಗುಳ್ಳೆಗೆ ಒಂದು ವಾರ ಮೇಲಾಯಿತು. ಅಷ್ಟರಲ್ಲಿ ಹಾರ್ಡ್‌ನರ್ ಬೆರೆಸಿದ್ದು ಕಲ್ಲಾಗಿರುತ್ತದೆ. ವ್ಯಾಕ್ಯೂಮ್ ಕೆಲಸ ಮಾಡುವುದೂ ಇದೇ ಲೆಕ್ಕದಲ್ಲಿ. ನಿಮ್ಮ 650ರಲ್ಲಿ ಗುಳ್ಳೆಯ ಗಾತ್ರ 20 ಪಟ್ಟು ಹಿಗ್ಗುತ್ತದೆ, ವ್ಯಾಸ ಎರಡೂವರೆ ಪಟ್ಟಿಗಿಂತ ಹೆಚ್ಚು, ಏರುವ ವೇಗ ಏಳೆಂಟು ಪಟ್ಟು. ಜೊತೆಗೆ ಗುಳ್ಳೆಗಳು ಒಂದಕ್ಕೊಂದು ಕೂಡಿ ಇನ್ನೂ ದೊಡ್ಡವಾಗುತ್ತವೆ.

ಈ ಹಿಗ್ಗುವಿಕೆಗೆ ಜಾಗ ಬೇಕು. ಪಾತ್ರೆಯ ಮೂರನೇ ಒಂದು ಪಾಲಿಗಿಂತ ಹೆಚ್ಚು ರೆಸಿನ್ ಹಾಕಬೇಡಿ. ನೊರೆ ಅಂಚಿಗೆ ಬಂದರೆ ಗಾಳಿಯ ವಾಲ್ವ್ ಚೂರು ತೆರೆದು ಮುಚ್ಚಿ, ನೊರೆ ಕುಸಿಯುತ್ತದೆ; ಪುನಃ ಎಳೆಯಿರಿ. ನೊರೆ ಒಮ್ಮೆ ಪೂರ್ತಿ ಕುಸಿದು ಮೇಲ್ಮೈಯಲ್ಲಿ ಅಲ್ಲೊಂದು ಇಲ್ಲೊಂದು ಗುಳ್ಳೆ ಒಡೆಯುವ ಹಂತಕ್ಕೆ ಬಂದರೆ ಮುಗಿಯಿತು. ಎಷ್ಟು ಹೊತ್ತಾದರೂ ಕುದಿಯುತ್ತಲೇ ಇದ್ದರೆ ಅದು ಸಿಕ್ಕಿಕೊಂಡ ಗಾಳಿಯಲ್ಲ. ರೆಸಿನ್‌ನಲ್ಲಿರುವ ಆವಿಯಾಗುವ ಅಂಶವೋ ಫಿಲ್ಲರ್ ಹೀರಿಕೊಂಡ ತೇವವೋ ಕುದಿಯುತ್ತಿದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು 24 ಮಿ.ಮೀ. ಒತ್ತಡಕ್ಕೇ ಕುದಿಯುತ್ತದೆ, ರೆಸಿನ್ 50 ಡಿಗ್ರಿಗೆ ಕಾಯಿಸಿದ್ದರೆ 90 ಮಿ.ಮೀ. ಒತ್ತಡದಲ್ಲೇ. ಅಂಥ ಕಡೆ ಇನ್ನೂ ಜೋರಾಗಿ ಎಳೆದಷ್ಟೂ ಕೆಡುಕು.

ಕೊನೆಗೊಂದು ಮಾತು. ಇಷ್ಟೆಲ್ಲ ಶ್ರಮಪಟ್ಟು ಗಾಳಿ ತೆಗೆದ ರೆಸಿನ್ ಅನ್ನು ಟ್ಯಾಂಕಿಗೆ ಎತ್ತರದಿಂದ ದಬದಬ ಸುರಿಯುವ ಹೆಲ್ಪರ್‌ಗಳನ್ನು ನೋಡಿದ್ದೇನೆ. ಟ್ಯಾಂಕಿನ ಗೋಡೆಗುಂಟ ಸಣ್ಣ ಧಾರೆಯಲ್ಲಿ ಇಳಿಸಬೇಕು.

ಪ್ರಶ್ನೆ: ನಾನು ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿ ಸೇರಿದ್ದೇನೆ. ನಮ್ಮ ಪ್ರೆಶರ್ ಪಾಟ್‌ನಲ್ಲಿ 4 ಬಾರ್ ಗಾಳಿ ಕೊಟ್ಟು ತೆಳು ಅಂಟನ್ನು ಸೂಜಿಗೆ ಕಳಿಸುತ್ತೇವೆ. ಪಾಟ್ ಅರ್ಧಕ್ಕೆ ಇಳಿದ ಮೇಲೆ ಗುಳ್ಳೆ ಬರುತ್ತದೆ. ಸೂಪರ್‌ವೈಸರ್ ಸೂಜಿ ಬದಲಿಸು ಅಂತಾರೆ. ಬದಲಿಸಿದರೂ ಬರುತ್ತೆ.
— ವಸಂತನರಸಾಪುರ, ತುಮಕೂರು ಜಿಲ್ಲೆ

ಉತ್ತರ: ಸೂಜಿ ಬಿಡಿ. ಒಂದು ವಾರ ಪುಸ್ತಕದಲ್ಲಿ ಬರೆದಿಡಿ: ಗುಳ್ಳೆ ಬಂದಾಗ ಪಾಟ್‌ನಲ್ಲಿ ಅಂಟಿನ ಮಟ್ಟ ಎಷ್ಟಿತ್ತು, ಅದು ವಾರದ ಯಾವ ದಿನ.

ಪ್ರತಿದಿನವೂ ಹೆಚ್ಚುಕಡಿಮೆ ಅದೇ ಮಟ್ಟಕ್ಕೆ ಬಂದಾಗ ಶುರುವಾದರೆ ಪಾಟ್‌ನೊಳಗಿನ ಡಿಪ್ ಟ್ಯೂಬ್ ಅಲ್ಲಿ ಸೀಳಿದೆ. ಅಂಟು ಸೀಳಿಗಿಂತ ಮೇಲಿರುವವರೆಗೂ ತೊಂದರೆಯಿಲ್ಲ. ಕೆಳಗಿಳಿದೊಡನೆ 4 ಬಾರ್ ಗಾಳಿ ಸೀಳಿನಿಂದ ಕೊಳವೆಗೆ ನುಗ್ಗುತ್ತದೆ. ಕೊಳವೆ ಬದಲಿಸಿ, ಮೇಲಿನ ನಟ್ಟಿನ ಫೆರ‍್ರೂಲ್ ಕೂಡ ನೋಡಿ.

ಸೋಮವಾರ ಜೋರು, ಬುಧವಾರ ಗುರುವಾರ ಕಡಿಮೆ ಎಂದಾದರೆ ಕತೆ ಬೇರೆ. ಶನಿವಾರ ಸಂಜೆ ಪಾಟ್‌ನ ಒತ್ತಡ ಇಳಿಸದೆ ಮನೆಗೆ ಹೋಗಿದ್ದೀರಿ. ದ್ರವದ ಮೇಲೆ ಒತ್ತಡ ಎಷ್ಟು ಪಟ್ಟೋ ಅದರಲ್ಲಿ ಕರಗುವ ಗಾಳಿಯೂ ಅಷ್ಟು ಪಟ್ಟು. ಹೆನ್ರಿಯ ನಿಯಮ ಎಂದು ಪುಸ್ತಕದಲ್ಲಿ ಓದಿರುತ್ತೀರಿ. ರಜೆಯುದ್ದಕ್ಕೂ ಗಾಳಿ ಮೇಲಿನಿಂದ ಅಂಟಿನೊಳಗೆ ಕರಗುತ್ತ ಇಳಿದಿದೆ. ಕಣ್ಣಿಗೆ ಒಂದು ಗುಳ್ಳೆಯೂ ಕಾಣದು. ಕೊಳವೆ ತಳದಿಂದ ಎಳೆಯುವುದರಿಂದ ಮೊದಲರ್ಧ ಚೆನ್ನಾಗಿಯೇ ಬರುತ್ತದೆ, ಮೇಲಿನ ಪದರ ಇಳಿದುಬಂದಾಗ ಸೂಜಿಯ ತುದಿಯಲ್ಲಿ ಒತ್ತಡ ಕಳೆದು ಗೋಲಿ ಸೋಡಾದ ಗೋಲಿ ಒತ್ತಿದ ಹಾಗೆ ಬುಸ್ಸೆನ್ನುತ್ತದೆ. ಮದ್ದು: ಶಿಫ್ಟ್ ಮುಗಿದಾಗ ಒತ್ತಡ ಇಳಿಸುವುದು, ಅದೂ ನಿಧಾನವಾಗಿ. ಫಕ್ಕನೆ ಬಿಟ್ಟರೆ ಪಾಟ್‌ನಲ್ಲೇ ನೊರೆಯೇಳುತ್ತದೆ. ಒಂದು ದಿನಕ್ಕೆ ಬೇಕಾದಷ್ಟೇ ಅಂಟು ತುಂಬಿಸಿ. ಸೂಜಿಯನ್ನು ಒಂದು ಅಳತೆ ದೊಡ್ಡದು ಮಾಡಿ ಒತ್ತಡ 2 ಬಾರ್‌ಗೆ ಇಳಿಸಲು ಸಾಧ್ಯವೇ ನೋಡಿ. ಗೇಜ್ ಸೊನ್ನೆಗೆ ಬರುವ ಮುನ್ನ ಮುಚ್ಚಳದ ಬೋಲ್ಟ್‌ಗೆ ಕೈ ಹಾಕಬೇಡಿ, ಯಾರು ಎಷ್ಟೇ ಅವಸರ ಮಾಡಿದರೂ.

ಪ್ರಶ್ನೆ: ಪಾಲಿಯುರೆಥೇನ್ ಪಾಟಿಂಗ್. ಬೇಸಿಗೆಯಲ್ಲಿ ಒಂದೂ ರಿಜೆಕ್ಟ್ ಇಲ್ಲ. ಜೂನ್ ಬಂತೆಂದರೆ ಒಳಗೆಲ್ಲ ಗುಳ್ಳೆ. ಮಾರಾಯ್ರೆ, ಪಂಪ್, ಹೋಸ್, ವಾಲ್ವ್ ಎಲ್ಲ ಬಿಚ್ಚಿ ಜೋಡಿಸಿ ಆಯ್ತು.
— ಬೈಕಂಪಾಡಿ, ಮಂಗಳೂರು

ಉತ್ತರ: ಬಿಚ್ಚುವ ಅಗತ್ಯವೇ ಇರಲಿಲ್ಲ. ಸುರಿದ ಕ್ಷಣ ಗಾಜಿನ ಲೋಟದಲ್ಲಿ ಹಿಡಿದು ನೋಡಿ: ತಿಳಿಯಾಗಿ ಬಂದು, ಹತ್ತಿಪ್ಪತ್ತು ನಿಮಿಷದ ಮೇಲೆ ಗುಳ್ಳೆ ಹುಟ್ಟಿ ದೊಡ್ಡದಾಗುತ್ತಿದ್ದರೆ ಅದು ಗಾಳಿಯಲ್ಲ, ಇಂಗಾಲದ ಡೈಆಕ್ಸೈಡ್. ಐಸೊಸಯನೇಟ್‌ಗೆ ನೀರು ತಾಗಿದರೆ ಅದು ಹುಟ್ಟುತ್ತದೆ. 1 ಗ್ರಾಂ ನೀರು ಪೂರ್ತಿ ವರ್ತಿಸಿದರೆ 1.3 ಲೀಟರಿಗೂ ಹೆಚ್ಚು ಅನಿಲ. ನಿಮ್ಮೂರಿನ ಮಳೆಗಾಲದ ಗಾಳಿಯಲ್ಲಿ ಗ್ರಾಂಗಟ್ಟಲೆ ನೀರು ಟ್ಯಾಂಕಿಗೆ ಸೇರಲು ಎಷ್ಟು ಹೊತ್ತು?

ಪಂಪ್ ದ್ರವ ಎಳೆದಷ್ಟೂ ಆ ಜಾಗಕ್ಕೆ ಹೊರಗಿನ ಗಾಳಿ ಬರಲೇಬೇಕು. ಆ ಗಾಳಿ ಬರುವ ದಾರಿಯಲ್ಲಿ ಸಿಲಿಕಾ ಜೆಲ್ ಡಬ್ಬಿ ಇದೆಯೇ? ಇದ್ದರೆ ಅದರ ಬಣ್ಣ ಯಾವಾಗ ನೋಡಿದ್ದೀರಿ? ನೀಲಿಯದ್ದು ಗುಲಾಬಿಯಾಗಿದ್ದರೆ ಸತ್ತಿದೆ ಎಂದರ್ಥ. ಮಳೆಗಾಲದಲ್ಲಿ ಬೇಸಿಗೆಗಿಂತ ಎಷ್ಟೋ ಬೇಗ ಸಾಯುತ್ತದೆ. ಪಾಲಿಯೋಲ್ ಭಾಗ ತೇವವನ್ನು ಹೀರಿಟ್ಟುಕೊಳ್ಳುತ್ತದೆ, ಆದ್ದರಿಂದ ಅರ್ಧ ಬಳಸಿದ ಡ್ರಮ್ ಬಿರಡೆ ಸಡಿಲಬಿಟ್ಟು ರಾತ್ರಿ ಕಳೆಯಬಾರದು. ಒಣ ನೈಟ್ರೋಜನ್ ಹಾಯಿಸಿ ಮುಚ್ಚಿದರೆ ಇನ್ನೂ ಒಳ್ಳೆಯದು. ಟ್ಯಾಂಕಿಗೆ ಕಂಪ್ರೆಸರ್ ಗಾಳಿಯನ್ನೇ ಕೊಡುತ್ತಿದ್ದರೆ ಡ್ರೈಯರ್ ಇಲ್ಲದೆ ಕೊಡಬೇಡಿ. ಗಾಳಿ ಲೈನಿನ ಎಫ್‌ಆರ್‌ಎಲ್ ಫಿಲ್ಟರ್‌ನ ಬಟ್ಟಲು ಹಿಡಿಯುವುದು ಹನಿಯಾದ ನೀರನ್ನು ಮಾತ್ರ, ಆವಿಯನ್ನಲ್ಲ. ಪಾಟಿಂಗ್ ಮಾಡುವ ಬೋರ್ಡುಗಳನ್ನೂ ಓವನ್‌ನಲ್ಲಿ ಒಣಗಿಸಿಕೊಳ್ಳಿ, ಗೋದಾಮಿನಲ್ಲಿ ಅವೂ ತೇವ ಹಿಡಿದಿರುತ್ತವೆ. ಐಸೊಸಯನೇಟ್ ಪಂಪಿನ ಶಾಫ್ಟ್ ಸುತ್ತ ಬಿಳಿ ಹಕ್ಕಳೆ ಕಂಡರೆ ತೇವ ಅಲ್ಲಿಯೂ ಮುಟ್ಟಿದೆ. ಆ ಹಕ್ಕಳೆ ಸೀಲನ್ನು ಕೆರೆದು ಆಮೇಲೆ ನಿಜವಾದ ಗಾಳಿಗೂ ದಾರಿ ಮಾಡುತ್ತದೆ.

ಪ್ರಶ್ನೆ: ಬೆರೆಸಿ ಹೆಪ್ಪುಗಟ್ಟಿಸಿದ ಎಪಾಕ್ಸಿ ಸಿರಿಂಜ್‌ಗಳು ಮೈನಸ್ 40 ಡಿಗ್ರಿಯಲ್ಲಿ ಬರುತ್ತವೆ. ಕರಗಿಸಿದ ಮೇಲೆ ಬ್ಯಾರೆಲ್ ಗೋಡೆಗೆ ಅಂಟಿದಂತೆ ಎಲೆಯಾಕಾರದ ಗುಳ್ಳೆಗಳು ಕಾಣುತ್ತವೆ. ನಮ್ಮ ಹುಡುಗಿಯರು ಬೇಗ ಕರಗಲಿ ಎಂದು ಅಂಗೈಯಲ್ಲಿ ಹಿಡಿದು ಉಜ್ಜುತ್ತಾರೆ. ಅದರಿಂದಲೇ?
— ಲೈನ್ ಲೀಡರ್, ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು

ಉತ್ತರ: ನೀವು ಊಹಿಸಿದ್ದು ಸರಿ, ಮೇಡಂ. ಹೆಪ್ಪುಗಟ್ಟಿದಾಗ ಪ್ಲಾಸ್ಟಿಕ್ ಬ್ಯಾರೆಲ್ ಮತ್ತು ಎಪಾಕ್ಸಿ ಬೇರೆಬೇರೆ ಪ್ರಮಾಣದಲ್ಲಿ ಕುಗ್ಗಿ ಒಂದನ್ನೊಂದು ಬಿಟ್ಟುಕೊಳ್ಳುತ್ತವೆ. ಅಂಗೈ ಬಿಸಿಗೆ ಬ್ಯಾರೆಲ್ ಮೊದಲು ಹಿಗ್ಗಿ ಆ ಸಂದು ಇನ್ನೂ ಅಗಲವಾಗಿ ಗಾಳಿ ಎಳೆದುಕೊಳ್ಳುತ್ತದೆ. ತುದಿ ಕೆಳಗೆ ಮಾಡಿ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಕೋಣೆಯ ಉಷ್ಣತೆಯಲ್ಲಿ, ತಯಾರಕರು ಹೇಳಿದಷ್ಟು ಹೊತ್ತು ಮುಟ್ಟದೆ ಬಿಡಬೇಕು. ಪೂರ್ತಿ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ತೆರೆಯಬಾರದು, ತೆರೆದರೆ ತಣ್ಣನೆಯ ಎಪಾಕ್ಸಿಯ ಮೇಲೆ ಇಬ್ಬನಿ ಕೂರುತ್ತದೆ. ಒಮ್ಮೆ ಕರಗಿದ್ದನ್ನು ತಿರುಗಿ ಫ್ರೀಜರ್‌ಗೆ ಇಡುವುದು ಬೇಡವೇ ಬೇಡ. ಬೆಳಗಿನ ಶಿಫ್ಟಿಗೆ ಬೇಕಾದ ಸಿರಿಂಜ್‌ಗಳನ್ನು ಯಾರು, ಎಷ್ಟು ಗಂಟೆಗೆ ಹೊರಗಿಡಬೇಕು ಎಂದು ನಿಗದಿ ಮಾಡಿಬಿಡಿ. ಅಂಗೈ ಉಜ್ಜುವುದು ತಾನಾಗಿ ನಿಲ್ಲುತ್ತದೆ. ಅವರು ಉಜ್ಜುವುದು ಲೈನ್ ಕಾಯುತ್ತಿದೆ ಎಂಬ ಭಯಕ್ಕೆ ತಾನೆ?

ಪ್ರಶ್ನೆ: ಗೇರ್ ಪಂಪಿನ ಸಕ್ಷನ್ ಕಡೆ ಎಲ್ಲ ಜಾಯಿಂಟ್ ಒಣಗಿವೆ, ಒಂದು ಹನಿಯೂ ಲೀಕ್ ಇಲ್ಲ. ಆದರೂ ನಿರಂತರ ಸಣ್ಣ ಗುಳ್ಳೆ.
— ಹರಿಹರ

ಉತ್ತರ: ಸಕ್ಷನ್ ಕಡೆಯ ಲೀಕ್ ಹೊರಗೆ ಹನಿಯುವುದಿಲ್ಲ, ಗಾಳಿಯನ್ನು ಒಳಗೆಳೆಯುತ್ತದೆ. ಅದಕ್ಕೇ ಜಾಯಿಂಟ್ ಒಣಗಿರುವುದು. ಪಂಪ್ ನಿಲ್ಲಿಸಿ, ಟ್ಯಾಂಕಿಗೆ ಅದು ತಡೆಯುವಷ್ಟು ಅಲ್ಪ ಒತ್ತಡ ಕೊಟ್ಟು, ಒಂದಷ್ಟು ಹೊತ್ತು ಬಿಟ್ಟು ಬಿಳಿ ಟಿಶ್ಯೂ ಒತ್ತಿ ನೋಡಿ. ಎಲ್ಲಿ ಕಲೆ ಬಿದ್ದಿತೋ ಅದೇ ಜಾಗ. ಹಳೆಯ ಟೆಫ್ಲಾನ್ ಟೇಪಿನ ಮೇಲೆ ಹೊಸದು ಸುತ್ತಬೇಡಿ. ಪೂರ್ತಿ ಕೆರೆದು, ಎಳೆಯ ದಿಕ್ಕಿಗೆ, ಮೊದಲ ಒಂದೆರಡು ಎಳೆ ಬಿಟ್ಟು ಸುತ್ತಿ. ಇಲ್ಲವಾದರೆ ಟೇಪಿನ ಚೂರು ಪಂಪಿಗೆ ಹೋಗುತ್ತದೆ.

ಪ್ರಶ್ನೆ: ಬೋಲ್ಟ್ ಲಾಕ್ ಮಾಡುವ ಅಂಟಿನ ಬಾಟಲಿ ಹೊಸದಾಗಿ ತೆರೆದರೂ ಅರ್ಧವೇ ತುಂಬಿರುತ್ತೆ, ಮಿಕ್ಕಿದ್ದು ಗಾಳಿ. ಮೋಸ ಅಲ್ವಾ? ಇದನ್ನೂ ವ್ಯಾಕ್ಯೂಮ್‌ಗೆ ಹಾಕಿ ಗಾಳಿ ತೆಗೆದರೆ ಹೇಗೆ?
— ದಾಬಸ್‌ಪೇಟೆ

ಉತ್ತರ: ಖಂಡಿತ ಹಾಕಬೇಡಿ, ಗಟ್ಟಿಯಾಗಿಬಿಡುತ್ತದೆ. ಈ ಅನೇರೋಬಿಕ್ ಅಂಟುಗಳು ದ್ರವವಾಗಿ ಉಳಿಯುವುದೇ ಆಮ್ಲಜನಕದ ದಯೆಯಿಂದ. ಗಾಳಿ ತಪ್ಪಿ ಲೋಹ ತಾಗಿದೊಡನೆ ಗಟ್ಟಿಯಾಗುತ್ತವೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಮೊದಲು ಸಿಕ್ಕಿದ ಇಂಥ ದ್ರವವನ್ನು ಕಾಪಾಡಲು ಅದರೊಳಗೆ ಸದಾ ಗಾಳಿ ಹಾಯಿಸುತ್ತಿರಬೇಕಿತ್ತು. ಹಾರ್ಟ್‌ಫರ್ಡ್‌ನ ಟ್ರಿನಿಟಿ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ವರ್ನನ್ ಕ್ರೀಬಲ್ 1953ರಲ್ಲಿ ಬಾಟಲಿಯಲ್ಲಿ ಇಡಬಹುದಾದ ರೂಪಕ್ಕೆ ತಂದರು. ಲಾಕ್‌ಟೈಟ್ ಹುಟ್ಟಿದ್ದು ಹಾಗೆ. ಗಾಳಿಯಾಡುವ ಪ್ಲಾಸ್ಟಿಕ್ ಬಾಟಲಿ, ಅದರಲ್ಲಿ ಖಾಲಿ ಜಾಗ, ಎರಡೂ ಬೇಕೆಂದೇ ಬಿಟ್ಟದ್ದು. ನಿಮ್ಮ ಡಿಸ್ಪೆನ್ಸರ್‌ನಲ್ಲಿ ಹಿತ್ತಾಳೆ ಫಿಟ್ಟಿಂಗ್ ಇದ್ದರೆ ಮೊದಲು ತೆಗೆದು ಪ್ಲಾಸ್ಟಿಕ್‌ನದು ಹಾಕಿ. ನೈಟ್ರೋಜನ್ ಒತ್ತಡವೂ ಬೇಡ.

ಪ್ರಶ್ನೆ: ಚುಕ್ಕಿ ಹಾಕುವ ಸಿರಿಂಜ್ ಡಿಸ್ಪೆನ್ಸರ್‌ನಲ್ಲಿ ಪ್ರತಿ ಎರಡನೇ ಚುಕ್ಕಿ ಟೊಳ್ಳು.
— ಎಲೆಕ್ಟ್ರಾನಿಕ್ಸ್ ಸಿಟಿ

ಉತ್ತರ: ಹನಿ ಬೀಳದಿರಲೆಂದು ಸಕ್-ಬ್ಯಾಕ್ ಜಾಸ್ತಿ ತಿರುಗಿಸಿದ್ದೀರಿ. ಅದು ಸೂಜಿಯ ತುದಿಯಿಂದ ಗಾಳಿ ಎಳೆದುಕೊಳ್ಳುತ್ತಿದೆ. ಸೊನ್ನೆಗೆ ತನ್ನಿ, ಹನಿ ನಿಲ್ಲುವಷ್ಟಕ್ಕೆ ಮಾತ್ರ ಏರಿಸಿ. ದಪ್ಪ ಅಂಟಿಗೆ ಅದು ಬೇಕಾಗಿಯೇ ಇಲ್ಲ.

ಪ್ರಶ್ನೆ: ಗುಳ್ಳೆ ಹೋಗುವವರೆಗೆ ಪರ್ಜ್ ಮಾಡಿ ಎಂದು ನೀವು ಬರೆಯುತ್ತೀರಿ. ನಮ್ಮ ಮಾಲೀಕರು ಪ್ರತಿ ಗ್ರಾಂಗೂ ಲೆಕ್ಕ ಕೇಳುತ್ತಾರೆ. ಎಷ್ಟು ಚೆಲ್ಲಬೇಕು ಸ್ವಾಮಿ?
— ಶಿಫ್ಟ್ ಇನ್‌ಚಾರ್ಜ್, ಮಾಚೇನಹಳ್ಳಿ, ಶಿವಮೊಗ್ಗ

ಉತ್ತರ: ಮಾಲೀಕರ ಪ್ರಶ್ನೆ ನ್ಯಾಯವಾದದ್ದು. 'ಸಾಕು ಅನ್ನಿಸುವವರೆಗೆ' ಎಂದು ಬಿಟ್ಟರೆ ಒಂದು ಶಿಫ್ಟ್ ಲೋಟದಷ್ಟು ಚೆಲ್ಲುತ್ತದೆ, ಇನ್ನೊಂದು ಶಿಫ್ಟ್ ಚಮಚದಷ್ಟು. ಸಿಲಿಂಡರ್ ಸೀಲ್, ಸೂಜಿ, ಹೋಸ್, ಡ್ರಮ್, ಹೀಗೆ ಯಾವುದನ್ನು ಬದಲಿಸಿದರೂ ಒಂದು ಬಾರಿ ತಾಳ್ಮೆಯಿಂದ ಅಳೆಯಿರಿ. ಗಾಜಿನ ಹಲಗೆಯ ಮೇಲೆ ಉದ್ದುದ್ದ ಬೀಡ್ ಎಳೆದು, ಇನ್ನೊಂದು ಗಾಜು ಮೇಲಿಟ್ಟು ಒತ್ತಿ, ಹಿಂದಿನಿಂದ ಬೆಳಕು ಬಿಡಿ. ಕಣ್ಣಿಗೆ ಕಾಣದೆ ತಪ್ಪಿಸಿಕೊಂಡ ಗುಳ್ಳೆ ಅಲ್ಲಿ ಸಿಕ್ಕುತ್ತದೆ. ಗುಳ್ಳೆಯಿಲ್ಲದ ಮೂರು ಬೀಡ್ ಸತತವಾಗಿ ಬರುವವರೆಗೆ ಹೊರಬಿದ್ದದ್ದನ್ನೆಲ್ಲ ತೂಗಿ. ಆ ತೂಕಕ್ಕೆ ಕಾಲು ಪಾಲು ಸೇರಿಸಿ ಯಂತ್ರದ ಮೇಲೆ ಚೀಟಿ ಅಂಟಿಸಿ: ಸೂಜಿ ಬದಲಿಸಿದರೆ ಇಷ್ಟು ಗ್ರಾಂ, ಹೋಸ್ ಬದಲಿಸಿದರೆ ಇಷ್ಟು. ಪಕ್ಕದಲ್ಲೇ ರಿಜೆಕ್ಟ್ ಆದ ಒಂದು ಪೀಸಿನ ಬೆಲೆಯನ್ನೂ ಬರೆಯಿರಿ. ಆಮೇಲೆ ಗ್ರಾಂ ಲೆಕ್ಕ ಕೇಳುವವರು ಎರಡನ್ನೂ ಕೂಡಿ ಕಳೆದು ನೋಡಿಕೊಳ್ಳಲಿ. ಯಾವುದಾದರೂ ದಿನ ಚೀಟಿಯಲ್ಲಿರುವ ತೂಕ ಸಾಲದೆ ಹೋದರೆ ಇನ್ನಷ್ಟು ಚೆಲ್ಲುವ ಬದಲು ಯಂತ್ರ ನಿಲ್ಲಿಸಿ ಹುಡುಕಿ, ಎಲ್ಲೋ ಹೊಸ ಸೋರಿಕೆ ಆಗಿದೆ.

ಪರ್ಜ್ ಮಾಡಿದ ಎರಡು ಭಾಗದ ಎಪಾಕ್ಸಿಯನ್ನು ದಿನವಿಡೀ ಒಂದೇ ಡಬ್ಬಿಯಲ್ಲಿ ತುಂಬಿಸುತ್ತಿದ್ದರೆ ಇವತ್ತೇ ನಿಲ್ಲಿಸಿ. ಬೆರೆತ ರಾಶಿ ದೊಡ್ಡದಾದಷ್ಟೂ ತನ್ನ ಕಾವಿಗೆ ತಾನೇ ಕುದಿದು ಹೊಗೆಯೇಳುತ್ತದೆ, ಡಬ್ಬಿ ಕರಗುತ್ತದೆ. ಅಗಲದ ತಗಡಿನ ಟ್ರೇಯಲ್ಲಿ ತೆಳುವಾಗಿ ಹರಡಿ, ಗಟ್ಟಿಯಾದ ಮೇಲೆ ಎಬ್ಬಿಸಿ ಎಸೆಯಿರಿ.